ಹದಿನಾಲ್ಕು ಸಾವಿರ ಕಿಲೋಮೀಟರ್ ಅಂದ್ರೆ ಎಷ್ಟು ಹೊತ್ತು?

ಮೊದಲು ಒಂದು ಸಣ್ಣ ಲೆಕ್ಕ. ಕ್ಯಾಂಪಸ್ ಇಂಟರ್‌ವ್ಯೂಗೆ ಆಪ್ಟಿಟ್ಯೂಡ್ ಪುಸ್ತಕ ಹಿಡಿದು ಕೂತವರು ಪೆನ್ನು ತೆಗೆದುಕೊಳ್ಳಬಹುದು. ಜನವರಿ ತಿಂಗಳ ಒಂದು ಸೋಮವಾರ ಮಧ್ಯಾಹ್ನ 2.30ಕ್ಕೆ ಬೆಂಗಳೂರಿನಿಂದ ವಿಮಾನವೊಂದು ಹೊರಡುತ್ತದೆ ಎಂದುಕೊಳ್ಳಿ. ಎಲ್ಲೂ ನಿಲ್ಲದೆ 16 ಗಂಟೆ ಹಾರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುತ್ತದೆ. ಆಗ ಅಲ್ಲಿನ ಗೋಡೆ ಗಡಿಯಾರದಲ್ಲಿ ಎಷ್ಟು ಗಂಟೆ? ಯಾವ ವಾರ?

ಅದೇ ಸೋಮವಾರ, ಸಂಜೆ 5 ಗಂಟೆ. ಹದಿನಾರು ಗಂಟೆ ಕೂತು ಹೋದರೂ ಗಡಿಯಾರದಲ್ಲಿ ಕಳೆದದ್ದು ಎರಡೂವರೆ ಗಂಟೆ ಮಾತ್ರ.

ಇದರಲ್ಲಿ ಜಾದೂ ಏನಿಲ್ಲ. ನಮ್ಮ ಗಡಿಯಾರ ಗ್ರೀನಿಚ್‌ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ, ಸ್ಯಾನ್ ಫ್ರಾನ್ಸಿಸ್ಕೊದ್ದು ಚಳಿಗಾಲದಲ್ಲಿ ಎಂಟು ಗಂಟೆ ಹಿಂದೆ. ಎರಡೂ ಕೂಡಿದರೆ ಹದಿಮೂರೂವರೆ ಗಂಟೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಆಗ ಹನ್ನೆರಡೂವರೆ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದ್ದು, ಇಳಿಯುವ ಸಮಯ ಇಳಿಯುವ ಊರಿನದ್ದು. ಎರಡನ್ನೂ ನೇರವಾಗಿ ಕಳೆದು ಪ್ರಯಾಣದ ಅವಧಿ ಹೇಳಲು ಬರುವುದಿಲ್ಲ.

ವಾಪಸ್ ಬರುವಾಗ ಇದು ತಿರುಗುಮುರುಗು. 2021ರ ಜನವರಿ 9ರಂದು ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನ ಹೊರಟಿತಲ್ಲ, ಅದರ ವೇಳಾಪಟ್ಟಿ ನೋಡಿ. ಅಲ್ಲಿಂದ ಶನಿವಾರ ರಾತ್ರಿ 8.30ಕ್ಕೆ ಹೊರಡುವುದು, ಇಲ್ಲಿಗೆ ಸೋಮವಾರ ಬೆಳಗಿನ ಜಾವ 3.45ಕ್ಕೆ ಬರುವುದು. ನೋಡಿದರೆ 31 ಗಂಟೆ 15 ನಿಮಿಷ. ಹದಿಮೂರೂವರೆ ಕಳೆದರೆ ಉಳಿಯುವುದು 17 ಗಂಟೆ 45 ನಿಮಿಷ. ಆ ಪ್ರಯಾಣಿಕರ ಪಾಲಿಗೆ ಭಾನುವಾರ ಪೂರ್ತಿ ಆಕಾಶದಲ್ಲೇ ಕಳೆದುಹೋಯಿತು.

ಈ ಲೆಕ್ಕ ನಮಗೆ ಯಾಕೆ ಅಂತ ಕೇಳಬಹುದು. ನಾನು ತುರುವೇಕೆರೆ ಕಡೆಯವನು, ಬಿಇ ಓದುತ್ತಿದ್ದೇನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯನ್ನು ಕಲ್ಪತರು ನಾಡು ಅನ್ನುತ್ತಾರೆ. ತೆಂಗಿನ ತೋಟದ ಆದಾಯದಲ್ಲಿ ಮಕ್ಕಳನ್ನು ಓದಿಸಿದ ಮನೆಗಳು ಇಲ್ಲಿ ಬೇಕಾದಷ್ಟಿವೆ. ಓದಿದ ಮಕ್ಕಳು ಬೆಂಗಳೂರಿಗೆ ಹೋದರು, ಅಲ್ಲಿಂದ ಕೆಲವರು ಸ್ಯಾನ್ ಹೋಸೆ, ಡಲ್ಲಾಸ್, ಲಂಡನ್, ಸಿಡ್ನಿ ಅಂತ ಹೋದರು. ಈಗ ನಮ್ಮ ತರಗತಿಯಲ್ಲೂ ಎಂಎಸ್ ಮಾಡಬೇಕೋ, ಇಲ್ಲೇ ಕೆಲಸ ಹುಡುಕಬೇಕೋ ಅನ್ನುವ ಮಾತು ದಿನಾ ನಡೆಯುತ್ತದೆ. ಆ ಮಾತಿನಲ್ಲಿ ಫೀಸು, ಸಂಬಳ, ರ‍್ಯಾಂಕಿಂಗ್ ಎಲ್ಲ ಬರುತ್ತದೆ. ಮನೆಗೆ ಬರಲು ಎಷ್ಟು ಹೊತ್ತು ಬೇಕು ಅನ್ನುವುದು ಮಾತ್ರ ಯಾಕೋ ಬರುವುದಿಲ್ಲ.

ಉಂಡೆ ಕೊಬ್ಬರಿಯ ಮೇಲೆ ಒಂದು ದಾರ

ದೂರದಿಂದಲೇ ಶುರು ಮಾಡೋಣ. ಶಾಲೆಯ ಗೋಡೆ ಮೇಲಿದ್ದ ಪ್ರಪಂಚ ನಕ್ಷೆ ನೆನಪಿಸಿಕೊಳ್ಳಿ. ಅದರಲ್ಲಿ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ವಿಮಾನ ಆ ಕಡೆಗೆ ತಲೆಯನ್ನೇ ಹಾಕುವುದಿಲ್ಲ.

ಅಟ್ಟದಿಂದ ಒಂದು ಉಂಡೆ ಕೊಬ್ಬರಿ ತೆಗೆದುಕೊಳ್ಳಿ. ಮೇಲ್ತುದಿಯನ್ನು ಉತ್ತರ ಧ್ರುವ ಎಂದುಕೊಳ್ಳಿ. ನಡುವಿನ ಸುತ್ತಿಗಿಂತ ತುಸು ಮೇಲೆ ಬೆಂಗಳೂರಿಗೆ ಒಂದು ಚುಕ್ಕೆ ಇಡಿ. ಹೆಚ್ಚುಕಡಿಮೆ ಆಚೆ ಬದಿಯಲ್ಲಿ, ಇನ್ನೂ ಸ್ವಲ್ಪ ಮೇಲೆ, ಸ್ಯಾನ್ ಫ್ರಾನ್ಸಿಸ್ಕೊಗೆ ಇನ್ನೊಂದು ಚುಕ್ಕೆ. ಎರಡು ಚುಕ್ಕೆಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ನಡುವಿನ ಸುತ್ತನ್ನು ಬಿಟ್ಟು ತಾನಾಗಿಯೇ ಮೇಲಕ್ಕೆ ಜಾರಿ, ತುದಿಯ ಹತ್ತಿರದಿಂದ ಹಾದು ಆಚೆ ಇಳಿಯುತ್ತದೆ. ಗೋಳದ ಮೇಲೆ ಎರಡು ಊರಿನ ನಡುವಿನ ಅತಿ ಹತ್ತಿರದ ದಾರಿ ಅದೇ. ಅದನ್ನು ಮಹಾವೃತ್ತದ ದಾರಿ ಅನ್ನುತ್ತಾರೆ.

ಇದನ್ನು ನಮ್ಮ ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲೇ ಎರಡು ನಿಮಿಷದಲ್ಲಿ ಲೆಕ್ಕ ಹಾಕಬಹುದು. ಬೆಂಗಳೂರು ವಿಮಾನ ನಿಲ್ದಾಣ 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊದ್ದು 37.6 ಉತ್ತರ, 122.4 ಪಶ್ಚಿಮ. ರೇಖಾಂಶಗಳ ಅಂತರ ಒಂದು ಕಡೆಯಿಂದ 200.1, ಇನ್ನೊಂದು ಕಡೆಯಿಂದ 159.9 ಡಿಗ್ರಿ. ಚಿಕ್ಕದನ್ನು ತೆಗೆದುಕೊಳ್ಳಿ. ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ ಒಂದು ಕಡೆ ಬರೆದಿಡಿ. ಎರಡೂ ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶ ಅಂತರದ ಕೊಸೈನ್‌ನಿಂದ ಗುಣಿಸಿ. ಎರಡನ್ನೂ ಕೂಡಿ. ಮೈನಸ್ 0.585 ಬರುತ್ತದೆ. ಯಾವ ಕೋನದ ಕೊಸೈನ್ ಅದು ಎಂದು ನೋಡಿದರೆ 125.8 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿ ಎಂದರೆ ಸುಮಾರು 111.2 ಕಿ.ಮೀ. ಗುಣಿಸಿದರೆ ಹತ್ತಿರ ಹತ್ತಿರ 13,990 ಕಿ.ಮೀ. ಆ ಮೊದಲ ವಿಮಾನ ಹಾರಿದಾಗ ಸುದ್ದಿಯಲ್ಲಿ ಬಂದಿದ್ದ ಅಂಕಿ 13,993. ಡಿಪ್ಲೊಮಾ ಹುಡುಗರೂ ಮಾಡಬಹುದಾದ ಲೆಕ್ಕ ಮೂರ್ನಾಲ್ಕು ಕಿಲೋಮೀಟರ್ ವ್ಯತ್ಯಾಸದಲ್ಲಿ ಸರಿಬಂತು.

ಇದು ಎಷ್ಟು ದೂರ ಅನ್ನುವುದಕ್ಕೆ ಒಂದು ಹೋಲಿಕೆ: ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾಗಿ ಭೂಮಿಯ ಮೇಲೆ ಒಬ್ಬರಿಂದ ಒಬ್ಬರು ಅತಿ ಹೆಚ್ಚೆಂದರೆ 20,000 ಕಿ.ಮೀ. ದೂರ ಇರಬಹುದು. ನಮ್ಮ ಊರಿನ ಮಕ್ಕಳು ಅದರಲ್ಲಿ ನೂರಕ್ಕೆ ಎಪ್ಪತ್ತು ಭಾಗ ದೂರ ಹೋಗಿ ಕೂತಿದ್ದಾರೆ.

ದಾರ ಹೇಳಿದ ಹಾದಿಯಲ್ಲೇ ವಿಮಾನ ಹೋಗುವುದಿಲ್ಲ

2021ರ ಆ ವಿಮಾನ ಹಾರಿದ್ದು 13,993 ಕಿ.ಮೀ. ಅಲ್ಲ, ಸುಮಾರು 16,000 ಕಿ.ಮೀ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್ ಹೀಗೆ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು. ಉತ್ತರ ಧ್ರುವದ ಮೇಲಿನಿಂದ ಹಾದು ಬಂದು ಬೆಂಗಳೂರಿನಲ್ಲಿ ಇಳಿದರು. ಎರಡು ಸಾವಿರ ಕಿಲೋಮೀಟರ್ ಹೆಚ್ಚಿಗೆ ಸುತ್ತಿದ್ದು ಯಾಕೆ?

ಮೊದಲ ಕಾರಣ ಗಾಳಿ. ವಿಮಾನ ಹಾರುವ ಹತ್ತು–ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎನ್ನುವ ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದುಂಟು. ಬೆಂಗಳೂರಿನಿಂದ ಪೂರ್ವಕ್ಕೆ, ಪೆಸಿಫಿಕ್ ಮೇಲೆ ಹೋಗುವಾಗ ಅದು ಬೆನ್ನಿಗೆ ಕೈಕೊಟ್ಟು ತಳ್ಳುತ್ತದೆ. ವಾಪಸ್ ಬರುವಾಗ ಅದೇ ಎದೆಗೆ ಒದೆಯುತ್ತದೆ. ಸೈಕಲ್‌ನಲ್ಲಿ ಎದುರುಗಾಳಿಗೆ ಕೆರೆ ಏರಿ ಮೇಲೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಗಾಗಿ ಎದುರುಗಾಳಿ ಕಡಿಮೆ ಇರುವ ದಾರಿ ಉದ್ದವಾದರೂ ಲಾಭ.

ಎರಡನೆಯದು ನೆಲ. ಕೊಬ್ಬರಿ ಮೇಲಿನ ದಾರ ಬೆಂಗಳೂರಿನಿಂದ ಈಶಾನ್ಯಕ್ಕೆ ಹೊರಟು ಹಿಮಾಲಯ, ಟಿಬೆಟ್ ದಾಟಿ ಹೋಗುತ್ತದೆ. ವಿಮಾನದೊಳಗೆ ಗಾಳಿಯ ಒತ್ತಡ ತಪ್ಪಿದರೆ ಪೈಲಟ್ ತಕ್ಷಣ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ. ಇಳಿಯುವುದು ಎಲ್ಲಿಗೆ? ಅದಕ್ಕೇ ಆ ಪ್ರದೇಶವನ್ನು ಆದಷ್ಟು ತಪ್ಪಿಸುತ್ತಾರೆ.

ಮೂರನೆಯದು ಇಂಧನ. ಆ ಬೋಯಿಂಗ್ 777–200 ಎಲ್‌ಆರ್ ವಿಮಾನದ ಟ್ಯಾಂಕ್‌ಗೆ ಸುಮಾರು 1.8 ಲಕ್ಷ ಲೀಟರ್ ಹಿಡಿಯುತ್ತದೆ. ಪೂರ್ತಿ ತುಂಬಿ ಹೊರಟಾಗ ಒಟ್ಟು ಭಾರದಲ್ಲಿ ನೂರಕ್ಕೆ ನಲವತ್ತು ಭಾಗ ಬರೀ ಇಂಧನ. ಅಂದರೆ ಮೊದಲ ಕೆಲವು ಗಂಟೆ ಅದು ಇಂಧನ ಸುಡುವುದೇ ಮುಂದಿನ ಗಂಟೆಗಳ ಇಂಧನ ಹೊರಲು. ಧ್ರುವದ ಕಡೆ ಹೊರಗಿನ ಚಳಿಗೆ ಆ ಇಂಧನ ಹೆಪ್ಪುಗಟ್ಟದಂತೆಯೂ ನೋಡಿಕೊಳ್ಳಬೇಕು. ಜೆಟ್ ಎ–1 ಇಂಧನ ಮೈನಸ್ 47 ಡಿಗ್ರಿವರೆಗೆ ತಡೆಯುತ್ತದೆ. ಅದಕ್ಕೇ ಪೈಲಟ್‌ಗಳು ಟ್ಯಾಂಕಿನ ತಾಪಮಾನದ ಮೇಲೆ ಸದಾ ಕಣ್ಣಿಟ್ಟಿರುತ್ತಾರೆ.

ನಾಲ್ಕನೆಯದು ರಾಜಕೀಯ. ಆಕಾಶಕ್ಕೂ ಗಡಿ ಇದೆ. 2022ರಲ್ಲಿ ರಷ್ಯಾ ತನ್ನ ಆಕಾಶವನ್ನು ಅಮೆರಿಕ, ಯುರೋಪಿನ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ಬಾಗಿಲು ಹಾಕಿದಾಗ ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ನೇರ ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿದು ಹೋಗಬೇಕಾಯಿತು. ಎರಡು ಊರುಗಳ ನಡುವಿನ ಕಿಲೋಮೀಟರ್ ಒಂದೂ ಹೆಚ್ಚಾಗಲಿಲ್ಲ, ಪ್ರಯಾಣ ಮಾತ್ರ ಗಂಟೆಗಟ್ಟಲೆ ಉದ್ದವಾಯಿತು.

ನೇರ ವಿಮಾನ ಸಿಗದಿದ್ದರೆ ಕೊಲ್ಲಿ ದೇಶದ ಮೇಲೆಯೋ ಯುರೋಪಿನ ಮೇಲೆಯೋ ಹೋಗಬೇಕು. ಬೆಂಗಳೂರು–ದುಬೈ ಸುಮಾರು 2,700 ಕಿ.ಮೀ., ದುಬೈ–ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 13,040. ಎರಡೂ ಸೇರಿ 15,740. ಫ್ರಾಂಕ್‌ಫರ್ಟ್ ಮೇಲೆ ಹೋದರೆ 16,500ರ ಆಸುಪಾಸು. ಕಿಲೋಮೀಟರ್ ನೋಡಿದರೆ ದೊಡ್ಡ ವ್ಯತ್ಯಾಸ ಏನಿಲ್ಲ. ವ್ಯತ್ಯಾಸ ಇರುವುದು ನಡುವೆ ಬೆಂಚಿನ ಮೇಲೆ ಕಾಯುವ ಮೂರು, ಆರು, ಕೆಲವೊಮ್ಮೆ ಹನ್ನೆರಡು ಗಂಟೆಯಲ್ಲಿ.

ಒಂಬತ್ತು ನಿಮಿಷದ ದೂರ

ಈಗ ನಮ್ಮ ಕಡೆಗೆ ಬರೋಣ. ತಿಪಟೂರಿನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಕಾಗೆ ಹಾರಿದ ಹಾಗೆ ಅಳೆದರೆ ಸುಮಾರು 132 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗದ ವಿಮಾನಕ್ಕೆ ಇದು ಒಂಬತ್ತು ನಿಮಿಷದ ದಾರಿ. ನಮಗೆ?

ಬಿ.ಎಚ್. ರಸ್ತೆ ಹಿಡಿದು ತುಮಕೂರು, ದಾಬಸ್‌ಪೇಟೆ, ದೊಡ್ಡಬಳ್ಳಾಪುರ ದಾಟಿ ಕಾರಿನಲ್ಲಿ ಹೋದರೂ ಮೂರರಿಂದ ಮೂರೂವರೆ ಗಂಟೆ. ಕಾರಿಲ್ಲದವರ ಕಥೆ ಬೇರೆ. ತುರುವೇಕೆರೆ ಪಟ್ಟಣಕ್ಕೆ ರೈಲಿಲ್ಲ, ಬಾಣಸಂದ್ರಕ್ಕೆ ಬರಬೇಕು. ಚಿಕ್ಕನಾಯಕನಹಳ್ಳಿಯವರು ತಿಪಟೂರಿಗೋ ತುಮಕೂರಿಗೋ ಬರಬೇಕು. ರೈಲಿನಲ್ಲಿ ಬೆಂಗಳೂರಿಗೆ ಎರಡೂವರೆ ಗಂಟೆ. ಅಲ್ಲಿಂದ ವಿಮಾನ ನಿಲ್ದಾಣದ ಬಸ್ಸಿನಲ್ಲಿ ಇನ್ನೊಂದೂವರೆ ಗಂಟೆ. ಹಳ್ಳಿಯಿಂದ ಸ್ಟೇಷನ್‌ಗೆ ಬರುವ ಹೊತ್ತು, ರೈಲಿಗೆ ಕಾಯುವ ಹೊತ್ತು ಸೇರಿಸಿದರೆ ಆರು ಗಂಟೆ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮುಂಚೆ ಅಲ್ಲಿರಬೇಕು. ಆಚೆ ಇಳಿದ ಮೇಲೆ ಇಮಿಗ್ರೇಷನ್ ಸಾಲು, ಲಗೇಜು, ಮನೆವರೆಗಿನ ಡ್ರೈವ್ ಎಲ್ಲ ಸೇರಿ ಎರಡೂವರೆ ಗಂಟೆ.

ಕೂಡಿ ನೋಡಿ. ನೇರ ವಿಮಾನವೇ ಸಿಕ್ಕಿ, ಕಾರಿನಲ್ಲೇ ಹೋಗಿ, ಯಾವ ತೊಂದರೆ ಇಲ್ಲದಿದ್ದರೂ ಮನೆಯಿಂದ ಮನೆಗೆ 25 ಗಂಟೆ. ಒಂದು ಕಡೆ ಇಳಿದು ಹತ್ತಿದರೆ 30 ದಾಟುತ್ತದೆ. ‘ಬೆಂಗಳೂರಿನಿಂದ ಅಮೆರಿಕಕ್ಕೆ ಹದಿನಾರೇ ಗಂಟೆ’ ಅನ್ನುವ ಮಾತು ವಿಮಾನದ ಲೆಕ್ಕ. ನಮ್ಮ ಲೆಕ್ಕ ತೋಟದ ಮನೆಯ ಜಗಲಿಯಿಂದ ಶುರುವಾಗಬೇಕು.

ಹೀಗಿದ್ದೂ ಇದೊಂದು ದೊಡ್ಡ ಸಾಧನೆಯೇ, ಅದನ್ನು ಮರೆಯಬಾರದು. ಸ್ವಾಮಿ ವಿವೇಕಾನಂದರು 1893ರ ಮೇ 31ರಂದು ಮುಂಬೈಯಲ್ಲಿ ಹಡಗು ಹತ್ತಿ, ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಜಪಾನ್ ಸುತ್ತಿ ಕೆನಡಾದ ವ್ಯಾಂಕೂವರ್ ತಲುಪಿದ್ದು ಜುಲೈ 25ಕ್ಕೆ. ಎಂಟು ವಾರ. 1948ರ ಜೂನ್ 8ರಂದು ಏರ್ ಇಂಡಿಯಾದ ಮೊದಲ ಅಂತರರಾಷ್ಟ್ರೀಯ ವಿಮಾನ ಮುಂಬೈಯಿಂದ ಲಂಡನ್‌ಗೆ ಹೊರಟಾಗ ಅದು ಕೈರೊ, ಜಿನೀವಾಗಳಲ್ಲಿ ಇಳಿದು ಹೋಗಬೇಕಿತ್ತು. ಈಗ ಸಿಂಗಪುರದಿಂದ ನ್ಯೂಯಾರ್ಕ್‌ಗೆ 15,349 ಕಿ.ಮೀ. ದಾರಿಯನ್ನು ಒಂದೇ ಉಸಿರಿಗೆ ಹಾರುವ ವಿಮಾನ ಇದೆ. ಎಂಟು ವಾರ ಒಂದು ದಿನಕ್ಕೆ ಇಳಿದಿದೆ. ಆದರೆ ಕೆಲವು ಸಂದರ್ಭಗಳಿಗೆ ಆ ಒಂದು ದಿನವೂ ಉದ್ದ.

ಅವತ್ತು ಕೇಳಿದ ಪ್ರಶ್ನೆ

ಹೋದ ವರ್ಷ ಜನವರಿಯಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡರು. ಮಂಗಳವಾರ ಬೆಳಗಿನ ಜಾವ, ಎದೆನೋವು ಅಂದವರು ತಿಪಟೂರಿನ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು. ಅವರಿಗೆ ಒಬ್ಬನೇ ಮಗ. ಸ್ಯಾನ್ ಹೋಸೆಯಲ್ಲಿ ಸಾಫ್ಟ್‌ವೇರ್ ಕೆಲಸ. ಅಣ್ಣನಿಗೆ ಫೋನ್ ಹೋದಾಗ ಇಲ್ಲಿ 5.40, ಅಲ್ಲಿ ಹಿಂದಿನ ದಿನದ ಸಂಜೆ 4.10.

ನಮ್ಮಲ್ಲಿ ಸಾಮಾನ್ಯವಾಗಿ ಅವತ್ತೇ ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುತ್ತಾರೆ. ಏಳು ಗಂಟೆಗೆ ಹಟ್ಟಿ ಮುಂದೆ ಜನ ಸೇರಿದಾಗ ಊರಿನ ಹಿರಿಯರೊಬ್ಬರು ನನ್ನನ್ನು ಕರೆದರು. “ನೀನು ಇಂಜಿನಿಯರಿಂಗ್ ಓದ್ತಿದೀಯಲ್ಲ ಮಗ, ಲೆಕ್ಕ ಹಾಕಿ ಹೇಳು. ಅವನು ಬರೋಕೆ ಎಷ್ಟೊತ್ತಾಗುತ್ತೆ? ಇಡೋದೋ, ಬೇಡವೋ?”

ಅವರು ಕೇಳಿದ್ದು ನಾಲ್ಕೇ ಮಾತು. ದೊಡ್ಡಮ್ಮ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು. ಸುಮ್ಮನೆ ‘ನಾಳೆ ಬರ್ತಾನೆ’ ಅಂದರೆ ಆಗುತ್ತಿರಲಿಲ್ಲ. ಹತ್ತು ಗಂಟೆ ತಡವಾದರೆ ಇನ್ನೊಂದು ರಾತ್ರಿ ಕಾಯಬೇಕು.

ಅವತ್ತು ನೇರ ವಿಮಾನ ಇರಲಿಲ್ಲ. ಅಣ್ಣನಿಗೆ ಕೊಲ್ಲಿ ಮೇಲಿನ ವಿಮಾನ ಸಿಕ್ಕಿತು. ಅವನು ಮೆಸೇಜ್ ಮಾಡಿದ ಟಿಕೆಟ್ ನೋಡಿಕೊಂಡು ಕ್ಯಾಲೆಂಡರ್ ಹಿಂದೆ ಬರೆದೆ. ಅಲ್ಲಿಂದ ಸೋಮವಾರ ರಾತ್ರಿ 9ಕ್ಕೆ ಹೊರಡುವುದು, ನಮ್ಮ ಮಂಗಳವಾರ ಬೆಳಿಗ್ಗೆ 10.30. ಹದಿನಾರು ಗಂಟೆ ಹಾರಿದರೆ ಬುಧವಾರ ನಸುಕಿನ 2.30. ಅಲ್ಲಿ ನಾಲ್ಕು ಗಂಟೆ ಕಾಯಬೇಕು, 6.30. ಬೆಂಗಳೂರಿಗೆ ಮೂರೂಮುಕ್ಕಾಲು ಗಂಟೆ, 10.15. ಹೊರಗೆ ಬರಲು ಮುಕ್ಕಾಲು ಗಂಟೆ, 11. ಕಾರು ನಿಲ್ದಾಣದಲ್ಲಿ ತಯಾರಿದ್ದರೆ ಊರಿಗೆ ನಾಲ್ಕು ಗಂಟೆ. ಬುಧವಾರ ಮಧ್ಯಾಹ್ನ 3. ತಡವಾದರೆ ಇರಲಿ ಅಂತ ಒಂದು ಗಂಟೆ ಸೇರಿಸಿ “ನಾಲ್ಕು ಗಂಟೆಗೆ ಮಣ್ಣು ಅಂತ ಇಟ್ಕೊಳ್ಳಿ ತಾತ” ಅಂದೆ.

ತಿಪಟೂರಿನಿಂದ ಫ್ರೀಜರ್ ಬಾಕ್ಸ್ ತರಿಸಿದರು. ಆ ರಾತ್ರಿ ಭಜನೆ ನಡೆಯಿತು. ಚಿಕ್ಕಪ್ಪ ಬೆಳಿಗ್ಗೆ ಆರಕ್ಕೇ ಕಾರು ತೆಗೆದುಕೊಂಡು ದೇವನಹಳ್ಳಿಗೆ ಹೋದರು. ಅಣ್ಣ ಮನೆ ಮುಂದೆ ಇಳಿದಾಗ ಮೂರು ಗಂಟೆ ಹತ್ತು ನಿಮಿಷ. ಫೋನ್ ಹೋದಾಗಿನಿಂದ ಮೂವತ್ಮೂರೂವರೆ ಗಂಟೆ. ಕೈಯಲ್ಲಿದ್ದದ್ದು ಒಂದು ಲ್ಯಾಪ್‌ಟಾಪ್ ಬ್ಯಾಗು ಮಾತ್ರ. ನಾಲ್ಕು ಗಂಟೆಗೆ ತೋಟದಲ್ಲಿ, ದೊಡ್ಡಪ್ಪ ತಾವೇ ನೆಟ್ಟ ತೆಂಗಿನ ಸಾಲಿನ ಪಕ್ಕದಲ್ಲಿ, ಅಣ್ಣ ಮೂರು ಹಿಡಿ ಮಣ್ಣು ಹಾಕಿದ.

ಆಮೇಲೆ ಹನ್ನೊಂದನೇ ದಿನದ ತಿಥಿ ಕಳೆದ ಮೇಲೆ ಅಣ್ಣ ಒಂದು ಮಾತು ಹೇಳಿದ. ವಿಮಾನದಲ್ಲಿ ಸೀಟಿನ ಮುಂದಿನ ಪರದೆಯಲ್ಲಿ ನಕ್ಷೆ ಇರುತ್ತದಲ್ಲ, ‘ಇಳಿಯುವ ಊರಿಗೆ ಉಳಿದಿರುವ ದೂರ’ ಅಂತ. ಹದಿನಾರು ಗಂಟೆ ಅದನ್ನೇ ನೋಡಿಕೊಂಡು ಕೂತಿದ್ದನಂತೆ. “ಅದು ಕಡಿಮೆ ಆಗ್ತಾನೇ ಇತ್ತು ಕಣೋ. ಕಾರಿನಲ್ಲಿ ತುಮಕೂರು ದಾಟಿದ ಮೇಲೆ ಮಾತ್ರ ಕಡಿಮೆ ಆಗ್ಲೇ ಇಲ್ಲ ಅನ್ನಿಸ್ತು” ಅಂದ.

ಆ ಕೊನೆ ಗಳಿಗೆಯ ಟಿಕೆಟ್‌ಗೆ ಅವನು ಕೊಟ್ಟದ್ದು ಒಂದು ಲಕ್ಷದ ಇಪ್ಪತ್ತು ಸಾವಿರದಷ್ಟು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕಟ್ಟಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಹತ್ತು ಕ್ವಿಂಟಲ್ ಕೊಬ್ಬರಿ. ಕಾಯಿ ಅಟ್ಟದ ಮೇಲೆ ಹತ್ತು–ಹನ್ನೊಂದು ತಿಂಗಳು ಒಣಗಿ ಕೊಬ್ಬರಿ ಆಗುತ್ತದೆ. ಒಂದು ಸಣ್ಣ ತೋಟದ ಇಡೀ ವರ್ಷದ ಕಾಯುವಿಕೆ ಒಂದು ಬದಿಯ ಒಂದು ಟಿಕೆಟ್. ಅಣ್ಣನಿಗೆ ಕೆಲಸ ಇತ್ತು, ಕೊಟ್ಟ. ಎಜುಕೇಷನ್ ಲೋನ್ ಮೇಲೆ ಹೋಗಿ ಓದುತ್ತಿರುವ ಹುಡುಗನಿಗೆ ಇದೇ ಫೋನ್ ಬಂದಿದ್ದರೆ?

ನಕ್ಷೆಯಲ್ಲಿಲ್ಲದ ಇನ್ನೊಂದು ದೂರ

ದುಡ್ಡಿನ ಜತೆಗೆ ಕಾಗದಪತ್ರವೂ ಇದೆ. ಅಮೆರಿಕದಲ್ಲಿ ಇರಲು ಅನುಮತಿ ಇರುವುದು ಬೇರೆ, ಪಾಸ್‌ಪೋರ್ಟ್‌ನಲ್ಲಿ ಚಾಲ್ತಿಯಲ್ಲಿರುವ ವೀಸಾ ಸ್ಟ್ಯಾಂಪ್ ಇರುವುದು ಬೇರೆ. ಸ್ಟ್ಯಾಂಪಿನ ಅವಧಿ ಮುಗಿದಿದ್ದರೆ ಅಲ್ಲಿ ಕೆಲಸ ಮುಂದುವರಿಸಬಹುದು. ಆದರೆ ಒಮ್ಮೆ ಊರಿಗೆ ಬಂದರೆ ವಾಪಸ್ ಹೋಗಲು ಕಾನ್ಸುಲೇಟ್‌ನಲ್ಲಿ ಹೊಸದಾಗಿ ಸ್ಟ್ಯಾಂಪ್ ಹಾಕಿಸಿಕೊಳ್ಳಬೇಕು. ಅದಕ್ಕೆ ದಿನ ಸಿಗುವುದು ವಾರಗಳೋ ತಿಂಗಳುಗಳೋ ಆಗಬಹುದು. ಅಷ್ಟರಲ್ಲಿ ಕೆಲಸ ಏನಾಗುತ್ತದೋ ಅನ್ನುವ ಭಯಕ್ಕೆ ಅಪ್ಪ–ಅಮ್ಮನ ಅನಾರೋಗ್ಯಕ್ಕೂ, ತಂಗಿಯ ಮದುವೆಗೂ ಬರಲಾಗದೆ ವಿಡಿಯೊ ಕಾಲ್‌ನಲ್ಲಿ ನೋಡಿದವರಿದ್ದಾರೆ. ಅಂಥವರ ಪಾಲಿಗೆ ನೇರ ವಿಮಾನ ದಿನಕ್ಕೆ ಹತ್ತು ಇದ್ದರೂ ಒಂದೇ.

ಹಾಗಂತ ಹೋಗಬೇಡಿ ಅನ್ನಲು ನಾನು ಇದನ್ನು ಬರೆಯುತ್ತಿಲ್ಲ. ನಾನೂ ಜಿಆರ್‌ಇ ಪುಸ್ತಕ ಕೊಂಡಿದ್ದೇನೆ. ಹೋಗುವ ಮೊದಲು ಮನೆಯವರ ಜತೆ ಕೂತು ಒಂದು ಹಾಳೆಯಲ್ಲಿ ಇಷ್ಟನ್ನು ಬರೆದುಕೊಂಡರೆ ಒಳ್ಳೆಯದು ಅನ್ನುವುದು ನನ್ನ ಅನಿಸಿಕೆ.

ಒಂದು, ಹೋಗುವ ಊರಿನಿಂದ ನಿಮ್ಮ ಮನೆ ಬಾಗಿಲಿಗೆ ಒಟ್ಟು ಎಷ್ಟು ಗಂಟೆ. ವಿಮಾನದ ಗಂಟೆ ಅಲ್ಲ, ಇಡೀ ಪ್ರಯಾಣದ್ದು. ಎರಡು ಕಾಲೇಜು ಅಥವಾ ಎರಡು ಕೆಲಸ ಸಮಸಮ ಕಂಡರೆ ಇದನ್ನೂ ತಕ್ಕಡಿಗೆ ಹಾಕಿ. ದೊಡ್ಡ ವಿಮಾನ ನಿಲ್ದಾಣ ಇರುವ ಊರಿಗೂ, ಅಲ್ಲಿಂದ ಮತ್ತೊಂದು ಸಣ್ಣ ವಿಮಾನ ಹಿಡಿಯಬೇಕಾದ ಊರಿಗೂ ಅರ್ಧ ದಿನದ ವ್ಯತ್ಯಾಸ ಇರುತ್ತದೆ.

ಎರಡು, ಒಂದು ಟಿಕೆಟ್‌ನ ದುಡ್ಡು ಯಾವಾಗಲೂ ಮುಟ್ಟದಂತೆ ಇರಲಿ. ಅದನ್ನು ಖರ್ಚಿನ ಲೆಕ್ಕಕ್ಕೆ ಸೇರಿಸಿಯೇ ಲೋನ್ ಎಷ್ಟು ಬೇಕೆಂದು ತೀರ್ಮಾನಿಸಿ.

ಮೂರು, ಪಾಸ್‌ಪೋರ್ಟ್, ವೀಸಾ ಅವಧಿ ಮುಗಿಯುವ ದಿನ ನಿಮಗೆ ಮಾತ್ರ ಅಲ್ಲ, ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ.

ನಾಲ್ಕು, ಊರಿನಲ್ಲಿ ಯಾರು ಮೊದಲು ಬರುತ್ತಾರೆ ಅನ್ನುವುದು. ರಾತ್ರಿ ಎರಡು ಗಂಟೆಗೆ ಅಮ್ಮ ಕೂಗಿದರೆ ಹತ್ತು ನಿಮಿಷದಲ್ಲಿ ಬಂದು 108ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಹತ್ತಿಸುವವರು ಯಾರು? ಮೂವತ್ತು ಗಂಟೆ ದೂರದ ಮಗನಿಗಿಂತ ಹತ್ತು ನಿಮಿಷ ದೂರದ ಪಕ್ಕದ ಮನೆಯವರು ಆಗ ಬೇಕು. ಅವರ ನಂಬರು ನಿಮ್ಮ ಹತ್ತಿರ ಇರಲಿ, ಹಬ್ಬಕ್ಕೆ ಅವರಿಗೂ ಒಂದು ಫೋನ್ ಇರಲಿ.

ಬೆಂಗಳೂರಿನ ಕೆಲಸವೇ ಸಾಕು ಅನ್ನುವವರಿಗೂ ಒಂದು ಮಾತು. ತಿಪಟೂರಿಗೂ ಬೆಂಗಳೂರಿಗೂ 140 ಕಿ.ಮೀ. ಚಿಲ್ಲರೆ. ಶುಕ್ರವಾರ ಸಂಜೆ ವೈಟ್‌ಫೀಲ್ಡ್‌ನಿಂದ ಹೊರಟರೆ ಯಶವಂತಪುರ ದಾಟುವುದರೊಳಗೆ ಎರಡು ಗಂಟೆ, ಊರು ಸೇರುವುದರೊಳಗೆ ಐದು. ‘ಹತ್ತಿರ ಇದೀನಲ್ಲ, ಯಾವಾಗ ಬೇಕಾದರೂ ಬರಬಹುದು’ ಅಂದುಕೊಂಡು ಯುಗಾದಿಗೆ ಬಂದವರು ಗೌರಿ ಹಬ್ಬದವರೆಗೂ ಬಂದಿರುವುದಿಲ್ಲ. ನಮ್ಮ ಬೀದಿಯಲ್ಲೇ ಅಂಥವರು ಮೂವರಿದ್ದಾರೆ. ಅಮೆರಿಕದಿಂದ ಮಗ ಎರಡು ವರ್ಷಕ್ಕೊಮ್ಮೆ ಬರುತ್ತಾನೆ ಅಂದರೆ ಅಪ್ಪ–ಅಮ್ಮ ದಿನ ಎಣಿಸುತ್ತಾರೆ. ಬೆಂಗಳೂರಿನ ಮಗ ಬರುವ ದಿನವೇ ಗೊತ್ತಿಲ್ಲದಿದ್ದರೆ ಎಣಿಸುವುದಾದರೂ ಏನನ್ನು?

ಮುಂದಿನ ವರ್ಷ ಈ ಹೊತ್ತಿಗೆ ನಮ್ಮ ಬ್ಯಾಚಿನವರು ಬೇರೆ ಬೇರೆ ಕಡೆ ಇರುತ್ತೇವೆ. ಆಫರ್ ಲೆಟರ್ ಬಂದಾಗ ಎಲ್ಲರೂ ಮೊದಲು ನೋಡುವುದು ಪ್ಯಾಕೇಜ್, ಆಮೇಲೆ ಜಾಗ. ಜಾಗದ ಹೆಸರು ನೋಡಿದ ಕೂಡಲೇ ಗೂಗಲ್ ಮ್ಯಾಪ್ ತೆಗೆದು ಅಲ್ಲಿಂದ ನಿಮ್ಮ ಊರಿಗೆ ದಾರಿ ಹಾಕಿ. ಅದು ತೋರಿಸುವ ಹೊತ್ತಿಗೆ ಕಾಯುವ ಹೊತ್ತು, ಸಾಲಿನಲ್ಲಿ ನಿಲ್ಲುವ ಹೊತ್ತು, ಕೊನೆಯ ಬಸ್ಸು ತಪ್ಪಿದರೆ ಆಗುವ ಹೊತ್ತು ಎಲ್ಲ ಸೇರಿಸಿ. ಬಂದ ಉತ್ತರವನ್ನು ಅಪ್ಪ–ಅಮ್ಮನಿಗೆ ಓದಿ ಹೇಳಿ. “ಇಷ್ಟು ಗಂಟೆ ಆಗುತ್ತೆ ಅಮ್ಮ, ಹೋಗಲಾ?” ಅಂತ ಕೇಳಿ. ಹೆಚ್ಚಿನ ಮನೆಗಳಲ್ಲಿ ಹೋಗು ಅಂತಲೇ ಅನ್ನುತ್ತಾರೆ. ಆದರೆ ಆಮೇಲೆ ಎಂದಾದರೂ ಅವರು ಕಾಯಬೇಕಾಗಿ ಬಂದರೆ, ಎಷ್ಟು ಹೊತ್ತು ಕಾಯಬೇಕು ಅನ್ನುವುದಾದರೂ ಅವರಿಗೆ ಗೊತ್ತಿರುತ್ತದೆ.